ಬೇಕರಿ ಖಾರ ಟೋಸ್ಟ್ ಮನೇಲಿ ಮಾಡಿದ್ರೆ ಮೆತ್ತಗಾಗೋದು ಯಾಕೆ?

ಇವತ್ತು ಇಯರ್‌ಫೋನ್ ಹಾಕ್ಕೊಂಡೇ ಅಡುಗೆಮನೆಗೆ ಬನ್ನಿ. ಸಂಜೆ ಆರು ಗಂಟೆಗೆ ನಾಲ್ಕು ಜನ ಫ್ರೆಂಡ್ಸ್ ರೂಮಿಗೆ ಬರ್ತಾರೆ, ತಿಂಗಳ ಕೊನೆ ಬೇರೆ. ಇರೋದು ಒಂದು ಪ್ಯಾಕೆಟ್ ಬ್ರೆಡ್, ಸ್ವಲ್ಪ ತರಕಾರಿ. ಅಯ್ಯಂಗಾರ್ ಬೇಕರಿಯ ಖಾರ ಟೋಸ್ಟ್‌ಗೆ ಅಷ್ಟು ಸಾಕು.

ಬೆಂಗಳೂರಿನ ಈ ಬೇಕರಿಗಳ ಕಥೆಯನ್ನು ಸಾಮಾನ್ಯವಾಗಿ 1898ರ ಬಿ.ಬಿ. ಬೇಕರಿಯಿಂದ ಶುರು ಮಾಡ್ತಾರೆ. ಇವನ್ನು ನಡೆಸೋ ಕುಟುಂಬಗಳಲ್ಲಿ ಬಹಳಷ್ಟು ಹಾಸನ ಜಿಲ್ಲೆಯವು. ಅಲ್ಲಿ ಸಿಗೋ ಟೋಸ್ಟ್ ಗೊತ್ತಲ್ಲ, ಕಾವಲಿ ಮೇಲೆ ಗರಿಗರಿಯಾದ ಬ್ರೆಡ್, ಮೇಲೆ ಈರುಳ್ಳಿ, ಟೊಮ್ಯಾಟೊ, ಕ್ಯಾರೆಟ್ ಪಲ್ಯ. ಮನೇಲಿ ಮಾಡಿದಾಗ ಮಾತ್ರ ಎತ್ತುತ್ತಿದ್ದ ಹಾಗೇ ಮಧ್ಯಕ್ಕೆ ಬಾಗಿ ಪಲ್ಯ ಪ್ಯಾಂಟ್ ಮೇಲೆ ಬೀಳುತ್ತೆ.

ಕಾರಣ ನೀರು. ಟೊಮ್ಯಾಟೊದಲ್ಲಿ ನೂರಕ್ಕೆ 94ರಷ್ಟು ನೀರೇ ಇರುತ್ತೆ. ಆ ನೀರು ಬಾಣಲೆಯಲ್ಲೇ ಹೋಗ್ಬೇಕು, ಇಲ್ಲಾಂದ್ರೆ ಬ್ರೆಡ್‌ಗೆ ಇಳಿಯುತ್ತೆ.

ಆರು ಸ್ಲೈಸ್‌ಗೆ ಎರಡು ಈರುಳ್ಳಿ, ಎರಡು ಟೊಮ್ಯಾಟೊ, ಒಂದು ಕ್ಯಾರೆಟ್, ಅರ್ಧ ಕ್ಯಾಪ್ಸಿಕಂ, ಎರಡು ಹಸಿಮೆಣಸಿನಕಾಯಿ. ಎಲ್ಲಾ ಸಣ್ಣಗೆ ಹೆಚ್ಚಿ, ಕ್ಯಾರೆಟ್ ತುರಿದ್ರೂ ಆಯ್ತು. ಎಣ್ಣೆಗೆ ಸಾಸಿವೆ ಹಾಕಿ ಚಟಪಟ ಅಂದ್ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ ಬಾಡಿಸಿ. ಆಮೇಲೆ ಉಳಿದ ತರಕಾರಿ, ಚಿಟಿಕೆ ಅರಿಶಿನ, ಸ್ವಲ್ಪ ಧನಿಯಾ ಪುಡಿ. ಉಪ್ಪನ್ನು ಕೊನೆಗೆ ಹಾಕೋಣ ಅಂತ ಇಟ್ಕೋಬೇಡಿ, ಟೊಮ್ಯಾಟೊ ಜೊತೆಗೇ ಹಾಕಿ. ಉಪ್ಪು ತರಕಾರಿಯಿಂದ ನೀರನ್ನು ಹೊರಗೆ ಎಳೆಯುತ್ತೆ, ಬೆಂಕಿ ಮೇಲೆ ಇರುವಾಗಲೇ ಎಳೆದ್ರೆ ಆವಿಯಾಗಿ ಹೋಗುತ್ತೆ. ಮುಚ್ಚಳ ಮುಚ್ಚಬೇಡಿ. ಸೌಟಿನಿಂದ ಪಲ್ಯ ಪಕ್ಕಕ್ಕೆ ಸರಿಸಿದಾಗ ತಳದಲ್ಲಿ ನೀರು ಹರಿದು ಬರಬಾರದು. ಅಷ್ಟಾದ್ರೆ ಒಲೆ ಆರಿಸಿ, ಕೊತ್ತಂಬರಿ ಸೊಪ್ಪು, ನಾಲ್ಕು ಹನಿ ನಿಂಬೆರಸ.

ಇಟಲಿಯವರ ಬ್ರುಸ್ಕೆಟ್ಟಾದಲ್ಲೂ ಇದೇ ತಲೆನೋವು. ಅಲ್ಲಿ ಟೊಮ್ಯಾಟೊ ಹಸಿಯಾಗೇ ಇರುತ್ತೆ. ಹಾಗಾಗಿ ಉಪ್ಪು ಹಾಕಿ ನೀರು ಬಸಿದು, ತಿನ್ನೋ ಹೊತ್ತಿಗೆ ಸುಟ್ಟ ಬ್ರೆಡ್ ಮೇಲೆ ಹಾಕ್ತಾರೆ.

ಇನ್ನು ಬ್ರೆಡ್. ಇವತ್ತು ತಂದ ಮೆತ್ತನೆ ಬ್ರೆಡ್‌ಗಿಂತ ನಿನ್ನೆಯದು ವಾಸಿ, ತೇವ ಕಡಿಮೆ ಇರುತ್ತೆ. ಹಳೇದು ಅಂದ್ರೆ ಬೂಸ್ಟು ಬಂದಿದ್ದಲ್ಲ! ಒಂದು ಮೂಲೇಲಿ ಹಸಿರು ಚುಕ್ಕೆ ಕಂಡ್ರೂ ಆ ಭಾಗ ಕಿತ್ತು ಉಳಿದದ್ದನ್ನು ತಿನ್ನಬೇಡಿ. ಬ್ರೆಡ್ ಒಳಗೆಲ್ಲಾ ತೂತು ತೂತು, ಕಣ್ಣಿಗೆ ಕಾಣದ ಹಾಗೆ ಬೂಸ್ಟು ಒಳಗೂ ಹರಡಿರುತ್ತೆ. ಇಡೀ ಪ್ಯಾಕೆಟ್ ಎಸೆಯಿರಿ, ದುಡ್ಡು ಹೋದ್ರೆ ಹೋಗ್ಲಿ.

ಕಾವಲಿಗೆ ಬೆಣ್ಣೆ ಅಥವಾ ತುಪ್ಪ ಸವರಿ, ಸಣ್ಣ ಉರಿಯಲ್ಲಿ ಒಂದೊಂದು ಬದಿಗೂ ಎರಡು ಮೂರು ನಿಮಿಷ. ದೊಡ್ಡ ಉರಿ ಇಟ್ರೆ ಹೊರಗೆ ಕಪ್ಪು, ಒಳಗೆ ಹಸಿ ಹಸಿ. ಪಿಜಿಯಲ್ಲಿ ಇಂಡಕ್ಷನ್ ಇದ್ರೆ ಅದನ್ನೂ ಕಡಿಮೆಗೇ ಇಡಿ. ಬೆಣ್ಣೆ ರುಚಿಗೆ ಮಾತ್ರ ಅಲ್ಲ, ಪಲ್ಯದ ತೇವ ಬೇಗ ಒಳಗೆ ಇಳಿಯದ ಹಾಗೆ ಸ್ವಲ್ಪ ತಡೆಯುತ್ತೆ ಕೂಡ.

ತುಂಬಾ ಜನ ಗಮನಿಸದ ವಿಷಯ ಒಂದಿದೆ. ಬಿಸಿ ಟೋಸ್ಟನ್ನು ಸೀದಾ ತಟ್ಟೆ ಮೇಲೆ ಮಲಗಿಸಿದ್ರೆ ಅದರದ್ದೇ ಆವಿ ತಳದಲ್ಲಿ ನೀರಾಗುತ್ತೆ. ಒಂದಕ್ಕೊಂದು ಒರಗಿಸಿ ನಿಲ್ಲಿಸಿ, ಇಲ್ಲಾ ಜಾಲರಿ ಮೇಲೆ ಇಡಿ. ಪಲ್ಯವೂ ಉಗುರು ಬೆಚ್ಚಗಿರಲಿ. ಫ್ರೆಂಡ್ಸ್ ಬಂದು ಕೂತ ಮೇಲೇ ಪಲ್ಯ ಹರಡಿ, ಕೋನಾಕಾರವಾಗಿ ಕತ್ತರಿಸಿ ಕೈಗೆ ಕೊಡಿ. ಪಲ್ಯ ಮಿಕ್ಕಿದ್ರೆ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಬಿಸಿ ಮಾಡಿ ಚಪಾತಿಗೆ ಸುತ್ಕೊಂಡು ತಿನ್ನಿ.