ಪ್ಲಾಟ್‌ಫಾರ್ಮಿನಿಂದ ಮನೆಯಂಗಳಕ್ಕೆ

ಹುಬ್ಬಳ್ಳಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಗದಗ, ಬಳ್ಳಾರಿ, ಗುಂತಕಲ್ಲು ದಾಟಿ ವಿಜಯವಾಡ. ಇಳಿಯದೆ ಕೂತರೆ ವಿಶಾಖಪಟ್ಟಣ. ಅಪ್ಪ ಹೊಡೆದನೆಂದೋ ಪರೀಕ್ಷೆಯಲ್ಲಿ ನಪಾಸಾದೆನೆಂದೋ ಮನೆ ಬಿಟ್ಟ ಹುಡುಗ ಹೀಗೇ ಹೋಗಿಬಿಡುತ್ತಾನೆ. ಇಳಿದ ಮೇಲೆ ಅವನಿಗೆ ಊಟ ಬೇಕು, ಮಲಗಲು ಜಾಗ ಬೇಕು, ತನ್ನ ಮಾತು ತಿಳಿಯುವ ಒಬ್ಬರು ಬೇಕು. ಆ ಒಬ್ಬರು ಎಷ್ಟು ಬೇಗ ಸಿಗುತ್ತಾರೆ ಎಂಬುದರ ಮೇಲೆ ಅವನ ಮುಂದಿನ ಬದುಕು ನಿಂತಿದೆ.

ಚೆನ್ನೈನಿಂದ ಬರುವ ಗಾಡಿಗಳು ದೆಹಲಿಗೂ ಹೌರಾಕ್ಕೂ ಬೇರೆಯಾಗುವ ಜಂಕ್ಷನ್ ವಿಜಯವಾಡ. ಅಲ್ಲಿ ಬಂದಿಳಿಯುವ ಮಕ್ಕಳಿಗಾಗಿ ಡಾನ್ ಬಾಸ್ಕೊ ಪರಂಪರೆಯ ಸಲೇಷಿಯನ್ ಗುರುಗಳು 1989ರಲ್ಲಿ ‘ನವಜೀವನ ಬಾಲಭವನ’ ಆರಂಭಿಸಿದರು. ಇಂಥದೇ ಕೆಲಸ ಬೆಂಗಳೂರಿನಲ್ಲಿ 1980ರಲ್ಲೇ ಶುರುವಾಗಿತ್ತು. ಕ್ರಿಸ್ತು ಜ್ಯೋತಿ ಕಾಲೇಜಿನ ಸಲೇಷಿಯನ್ ವಿದ್ಯಾರ್ಥಿಗಳು ಬೀದಿಯ ಮಕ್ಕಳ ಜೊತೆ ಕೂತು ಮಾತಾಡತೊಡಗಿದರು. ಅದು ಬೆಳೆದು ‘ಬೆಂಗಳೂರು ಓಣಿಯವರ ಸೇವಾಕೂಟ’ವಾಯಿತು. ಎಲ್ಲರ ಬಾಯಲ್ಲಿ ‘ಬಾಸ್ಕೊ’.

1871ರಲ್ಲಿ ಮುಂಬೈ ಕಡೆಯ ಹಳಿಗೂ ಮದರಾಸು ಕಡೆಯ ಹಳಿಗೂ ಬೆಸುಗೆ ಬಿದ್ದ ಊರು ರಾಯಚೂರು. ಅಲ್ಲಿನ ಸ್ಟೇಷನ್ನಿನಲ್ಲಿ 1992ರಲ್ಲಿ ಪ್ರಮೋದ್ ಕುಲಕರ್ಣಿ ‘ಸಾಥಿ’ ಸಂಸ್ಥೆ ಕಟ್ಟಿದರು. ಮೊದಮೊದಲು ಪ್ಲಾಟ್‌ಫಾರ್ಮಿನ ಮಕ್ಕಳಿಗೆ ಆಸರೆ ಕೊಡುವುದೇ ಕೆಲಸ. ಮುಂದೆ ಒಂದು ಸತ್ಯ ಗಟ್ಟಿಯಾಯಿತು: ಈ ಮಕ್ಕಳಲ್ಲಿ ಬಹಳ ಮಂದಿಗೆ ಮನೆಯಿದೆ, ಕಾಯುತ್ತಿರುವ ತಾಯಿಯಿದ್ದಾಳೆ. ಅಲ್ಲಿಂದ ಮನೆಗೆ ಮರಳಿಸುವುದೇ ‘ಸಾಥಿ’ಯ ಮುಖ್ಯ ಕಾಯಕವಾಯಿತು.

ಇದು ಗಡಿಯಾರದ ಜೊತೆಗಿನ ಓಟ. ಮೊದಲ ದಿನ ಹುಡುಗನ ಅಂಗಿ ಇನ್ನೂ ಮಾಸಿರುವುದಿಲ್ಲ. ಬಂದ ಗಾಡಿ ಹತ್ತುವುದೂ ಇಲ್ಲ, ಇಳಿದವರ ಹಿಂದೆ ಹೊರಗೆ ಹೋಗುವುದೂ ಇಲ್ಲ. ನಲ್ಲಿಯ ಹತ್ತಿರ ಸುಮ್ಮನೆ ನಿಂತಿರುತ್ತಾನೆ. ಆಗ ಯಾರಾದರೂ ಪಕ್ಕದಲ್ಲಿ ಕೂತು “ಊಟ ಆಯ್ತೇನೋ?” ಎಂದರೆ ಊರಿನ ಹೆಸರು ಹೊರಬರುತ್ತದೆ. ತಿಂಗಳು ಕಳೆದರೆ ಖಾಲಿ ಬಾಟಲಿ ಹೆಕ್ಕುವುದು, ಬೋಗಿ ಗುಡಿಸುವುದು, ನಶೆಗಾಗಿ ಸೊಲ್ಯೂಷನ್ ಮೂಸುವುದು ರೂಢಿಯಾಗಿ, ಊರಿನ ಹೆಸರು ಸುಳ್ಳಾಗುತ್ತದೆ.

ಹಾಗೆ ಬೀದಿಗೆ ಒಗ್ಗಿದವರಿಗಾಗಿ ‘ಸಾಥಿ’ ಸುಮಾರು ಒಂದು ತಿಂಗಳ ಶಿಬಿರ ನಡೆಸುತ್ತ ಬಂತು. ಆಟ, ಹಾಡು, ಹೊತ್ತುಹೊತ್ತಿಗೆ ಊಟ, ಮನೆಯ ಕುರಿತ ಮಾತು. ಬೈಯುವುದಿಲ್ಲ, ಅವಸರ ಮಾಡುವುದಿಲ್ಲ. ಮನಸ್ಸು ತಿಳಿಯಾದ ಮೇಲೆ ಹುಡುಗನೇ ವಿಳಾಸ ಹೇಳುತ್ತಾನೆ. ಕೊನೆಗೆ ಹೆತ್ತವರನ್ನು ಕರೆಸುತ್ತಾರೆ. ವರ್ಷಗಳ ನಂತರ ಎದುರಾದ ಮಗ ಎತ್ತರ ಬೆಳೆದಿರುತ್ತಾನೆ, ಮೀಸೆ ಚಿಗುರಿರುತ್ತದೆ. ತಾಯಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಾಳೆ.

ಕಾನೂನು ಇವರ ಹಿಂದೆ ನಡೆದುಬಂತು. 1996ರಲ್ಲಿ ಮುಂಬೈಯಲ್ಲಿ ಮಕ್ಕಳ ಸಹಾಯವಾಣಿ 1098 ಶುರುವಾಯಿತು. 2015ರಲ್ಲಿ ರೈಲ್ವೆ ಇಲಾಖೆ ಸ್ಟೇಷನ್ನಿನಲ್ಲಿ ಸಿಗುವ ಮಕ್ಕಳಿಗಾಗಿ ಕಾರ್ಯವಿಧಾನ ಹೊರಡಿಸಿತು. ಅದೇ ವರ್ಷದ ಬಾಲನ್ಯಾಯ ಕಾಯ್ದೆಯಂತೆ, ಸಿಕ್ಕ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಬಾಲಮಂದಿರ ಕಟ್ಟಕಡೆಯ ದಾರಿ ಮಾತ್ರ. ಸರ್ಕಾರದ ‘ಮಿಷನ್ ವಾತ್ಸಲ್ಯ’ ಯೋಜನೆಯಲ್ಲಿ ಅರ್ಹ ಬಡ ಕುಟುಂಬದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವವೂ ಇದೆ.

ಈ ಹಣಕ್ಕೆ ದೊಡ್ಡ ಅರ್ಥವಿದೆ. ಓಡಿಹೋದವನನ್ನು ಅದೇ ಸಾಲ, ಅದೇ ಕುಡಿತ, ಅದೇ ಏಟಿನ ಮನೆಗೆ ಬಿಟ್ಟು ಬಂದರೆ ಅವನು ಮತ್ತೆ ಗಾಡಿ ಹತ್ತುತ್ತಾನೆ. ಹುಡುಗನ ಜೊತೆ ಮನೆಯೂ ಚೇತರಿಸಿಕೊಳ್ಳಬೇಕು.

ನಲವತ್ತು ವರ್ಷ ದಾಟಿದ ಈ ದುಡಿಮೆ ನಮಗೆ ಕಲಿಸಿದ ಪಾಠ ಇಷ್ಟೇ: ಹುಡುಗ ವಿಜಯವಾಡದಲ್ಲಿ ಇಳಿಯುವ ಮೊದಲೇ ಅವನು ಕಳೆದುಹೋಗುತ್ತಿರುವ ಸುಳಿವು ಊರಲ್ಲಿರುತ್ತದೆ. ಹಾಜರಿ ಪುಸ್ತಕದಲ್ಲಿ ಮೂರು ದಿನ ಖಾಲಿಯಾಗಿ ಉಳಿದ ಹೆಸರೇ ಆ ಸುಳಿವು. ಅಂದು ಸಂಜೆ ಮೇಷ್ಟ್ರು ಅವನ ಮನೆಯ ಜಗಲಿ ಹತ್ತಿ “ಯಾಕಪ್ಪಾ, ಸ್ಕೂಲಿಗೆ ಬರ್ಲಿಲ್ಲ?” ಎಂದು ಕೇಳಲಿ. ಗಾಡಿ ಇನ್ನೂ ಹೊರಟಿರುವುದಿಲ್ಲ.