ಬೊಂಬೆಯ ಮರವೂ ನ್ಯಾನೋ ಕಣವೂ

ವಿಜಯವಾಡದ ಬಳಿಯ ಕೊಂಡಪಲ್ಲಿಯ ಬೊಂಬೆಗಳು ಹಗುರವಾದ ಪೊಣಿಕಿ ಮರದವು. ವಿಶಾಖಪಟ್ಟಣದ ನೈಋತ್ಯಕ್ಕಿರುವ ಏಟಿಕೊಪ್ಪಾಕದವು, ನಮ್ಮ ಚನ್ನಪಟ್ಟಣದವುಗಳಂತೆಯೇ, ಹಾಲೆಮರದವು. ಮರವೆಂಬುದು ಅಸಂಖ್ಯ ಸೂಕ್ಷ್ಮ ನಳಿಕೆಗಳ ಕಟ್ಟು. ಅವುಗಳ ಮೂಲಕ ನೀರು ಒಳಹೊಕ್ಕರೆ ಮರವು ಉಬ್ಬುವುದು, ಶಿಲೀಂಧ್ರ ಬೆಳೆದು ಕೊಳೆಯುವುದು. ಏಟಿಕೊಪ್ಪಾಕದ ಅರಗಿನ ಲೇಪವು ಹೊರಮೈಯನ್ನು ಕಾಯುವುದು. ಅದು ಬಿರುಕುಬಿಟ್ಟರೆ ಒಳಗೆ ಕಾವಲಿಲ್ಲ.

ನ್ಯಾನೋಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಕೆಲವೇ ಹತ್ತು ನ್ಯಾನೋಮೀಟರುಗಳಷ್ಟು ಸಣ್ಣದಾದ ಸಿಲಿಕಾ ಅಥವಾ ಸತುವಿನ ಆಕ್ಸೈಡಿನ ಕಣಗಳು ನಳಿಕೆಗಳೊಳಕ್ಕಿಳಿದು ನೆಲಸಿದರೆ ನೀರಿನ ದಾರಿ ಕಿರಿದಾಗುವುದು. ಸತುವಿನ ಆಕ್ಸೈಡು ಶಿಲೀಂಧ್ರವನ್ನೂ ತಡೆಯಬಲ್ಲುದು. ಆದರೆ ಕಣಗಳು ಪರಸ್ಪರ ಅಂಟಿ ಗಂಟಾದರೆ ನಳಿಕೆಯ ಬಾಯಲ್ಲಿಯೇ ಸಿಲುಕುವುವು. ಒಳಭಾಗ ಬರಿದಾಗಿಯೇ ಉಳಿಯುವುದು. ಆದುದರಿಂದ ಕಣವು ಸಣ್ಣದಾದರಷ್ಟೇ ಸಾಲದು, ಬಿಡಿಬಿಡಿಯಾಗಿಯೂ ಇರಬೇಕೆಂಬುದನ್ನು ನಾವು ಮರೆಯಲಾಗದು.