ಕಾಫಿ ಮಲೆಗಳ ಗಣಿಗಳು ಮತ್ತು ಭೂಮಿಯ ಪುನರುದ್ಧಾರ

ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿಯು ವಿಹಾರಸ್ಥಾನವೆಂದು ಎಲ್ಲರಿಗೂ ಪರಿಚಿತವಾಗಿದೆ. ಆದರೆ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಉತ್ಪಾದನೆಯನ್ನಾರಂಭಿಸಿದಾಗ ಅದಕ್ಕೆ ಬೇಕಾದ ಅದುರು ಈ ಬೆಟ್ಟದಿಂದ ಹೋಯಿತೆಂಬುದನ್ನು ನೆನೆಯುವವರು ಕಡಮೆ. ಕಾಫಿ ಮಲೆಗಳಲ್ಲಿ ನೆಲವನ್ನು ಅಗೆಯುವುದು ಹೊಸ ಕಾರ್ಯವಲ್ಲ. ದೊಡ್ಡ ಗಣಿಗಳಿರಲಿ, ರಸ್ತೆಗೆ ಹಾಸುವ ಗೊಚ್ಚುಮಣ್ಣಿಗಾಗಿ ಊರ ಪಕ್ಕದ ಗುಡ್ಡವನ್ನು ಕಡಿದ ಸಣ್ಣ ಗುಣಿಗಳಿರಲಿ, ಅವುಗಳ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯೊಂದೇ: ಅಗೆತ ಮುಗಿದ ಮೇಲೆ ಆ ನೆಲ ಏನಾಗಬೇಕು? ಈ ಪ್ರಶ್ನೆಗೆ ಉತ್ತರವನ್ನು ಅಗೆಯುವುದಕ್ಕೆ ಮುಂಚೆಯೇ ಬರೆದಿಡಬೇಕೆಂಬುದನ್ನು ನಮ್ಮ ಸಮೀಪದ ಒಂದು ಇತಿಹಾಸದ ಮೂಲಕ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಆ ಇತಿಹಾಸ ಕುದುರೆಮುಖದ್ದು. ಕಳಸಕ್ಕೆ ಸಮೀಪವಾದ ಈ ಪ್ರದೇಶದಲ್ಲಿ ಕಬ್ಬಿಣದ ನಿಕ್ಷೇಪವಿರುವುದನ್ನು 1913ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು ಗುರುತಿಸಿದರು. ಗಣಿ ಗುತ್ತಿಗೆ ದೊರೆತದ್ದು 1969ರಲ್ಲಿ, ಮೂವತ್ತು ವರ್ಷಗಳ ಅವಧಿಗೆ. ಇರಾನ್ ದೇಶದೊಡನೆ ಒಪ್ಪಂದವಾಗಿ, 1976ರಲ್ಲಿ ಕುದುರೆಮುಖ ಕಬ್ಬಿಣದ ಅದುರು ಕಂಪೆನಿಯು ಸ್ಥಾಪಿತವಾಯಿತು. 1979ರ ಇರಾನಿನ ಕ್ರಾಂತಿಯಿಂದ ಆ ವ್ಯವಹಾರ ಮುರಿದುಬಿದ್ದರೂ 1980ರಲ್ಲಿ ಉತ್ಪಾದನೆ ಮೊದಲಾಯಿತು.

ಅಗೆತದ ಮಟ್ಟಿಗೆ ಈ ಯೋಜನೆಯನ್ನು ಬಹು ಸಾಮರ್ಥ್ಯದಿಂದ ರೂಪಿಸಲಾಗಿತ್ತೆಂದು ಒಪ್ಪಲೇಬೇಕು. ಇಲ್ಲಿನ ಅದುರು ಕೀಳುದರ್ಜೆಯದು. ಅದನ್ನು ಅರೆದು, ತೊಳೆದು, ಕಬ್ಬಿಣಾಂಶವನ್ನು ಬೇರ್ಪಡಿಸಬೇಕಾಗಿತ್ತು. ವರ್ಷಕ್ಕೆ ಸುಮಾರು 225 ಲಕ್ಷ ಟನ್ ಅದುರನ್ನು ತೆಗೆದು 75 ಲಕ್ಷ ಟನ್ ಸಾರವನ್ನು ಪಡೆಯುವುದೆಂದು ಗೊತ್ತುಮಾಡಲಾಗಿತ್ತು. ಆ ಸಾರವು ನೀರಿನೊಡನೆ ರಾಡಿಯಾಗಿ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರಿನ ಪಣಂಬೂರನ್ನು ಸೇರುತ್ತಿತ್ತು. ಪ್ರತಿ ಮೂರು ಟನ್ನಿನಲ್ಲಿ ಒಂದು ಟನ್ ಕಡಲಿನತ್ತ ಹೋದರೆ ಎರಡು ಟನ್ ನುಣ್ಣನೆಯ ಮಣ್ಣು ಮಲೆಯಲ್ಲಿಯೇ ಉಳಿಯುತ್ತಿತ್ತು. ಅದನ್ನು ತಡೆದಿಡಲು ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಎತ್ತರವಾದ ಅಣೆಕಟ್ಟನ್ನು ಕಟ್ಟಲಾಯಿತು.

ಮಾರಾಟವಾಗುವ ಒಂದು ಪಾಲಿನ ದಾರಿ ಹೀಗೆ ಮೊದಲೇ ನಿಶ್ಚಿತವಾಗಿತ್ತು. ಕಡಿದ ಬೆಟ್ಟ, ಮಣ್ಣು ತುಂಬಿದ ಕಣಿವೆ ಇವುಗಳ ಕೊನೆಯ ರೂಪ ನಿಶ್ಚಿತವಾಗಿರಲಿಲ್ಲ. 1987ರಲ್ಲಿ ಸುತ್ತಣ ಅರಣ್ಯವು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. 1999ರಲ್ಲಿ ಗುತ್ತಿಗೆಯ ಅವಧಿ ಮುಗಿಯಿತು. ಭದ್ರೆಗೆ ಹೂಳು ಸೇರುತ್ತಿರುವುದೂ ಅರಣ್ಯಕ್ಕಾಗುವ ಹಾನಿಯೂ ವಿವಾದದ ವಿಷಯಗಳಾದುವು. ಕೊನೆಗೆ 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು ನೀಡಿದ ತೀರ್ಪಿನಂತೆ 2005ರ ಅಂತ್ಯಕ್ಕೆ ಗಣಿ ಮುಚ್ಚಿತು. ಕಣಿವೆಯನ್ನು ತುಂಬಿದ ಮಣ್ಣನ್ನಾಗಲಿ ಅದನ್ನು ತಡೆದಿರುವ ಕಟ್ಟೆಯನ್ನಾಗಲಿ ಯಾವ ತೀರ್ಪೂ ಇಲ್ಲವಾಗಿಸಲಾರದು. ಗಣಿ ನಿಂತರೂ ಕಾವಲು ನಿಲ್ಲುವಂತಿಲ್ಲ.

ಈ ಲೋಪವನ್ನು ಒಬ್ಬರ ಮೇಲೆ ಹೊರಿಸುವುದು ಇತಿಹಾಸಕ್ಕೆ ನ್ಯಾಯವಲ್ಲ. ಆ ಕಾಲದ ಕಾನೂನೇ ಅಂತ್ಯದ ಲೆಕ್ಕವನ್ನು ಕೇಳುತ್ತಿರಲಿಲ್ಲ. 1957ರ ಗಣಿ ಮತ್ತು ಖನಿಜಗಳ ಅಧಿನಿಯಮಕ್ಕೆ 1987ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ತರುವಾಯವೇ ಗುತ್ತಿಗೆಗೆ ಮುನ್ನ ಗಣಿ ಯೋಜನೆ ಕಡ್ಡಾಯವಾಯಿತು. ಗಣಿಯನ್ನು ಮುಚ್ಚುವ ಯೋಜನೆಯನ್ನೂ ಅದಕ್ಕಾಗಿ ಹಣದ ಭದ್ರತೆಯನ್ನೂ ನಿಯಮಗಳು ಕೇಳತೊಡಗಿದುದು 2003ರಲ್ಲಿ. ಜಲ್ಲಿ, ಮರಳು ಮೊದಲಾದ ಉಪಖನಿಜಗಳು ರಾಜ್ಯದ ನಿಯಮಗಳಿಗೆ ಒಳಪಟ್ಟು ಬಹುಕಾಲ ಈ ಶಿಸ್ತಿನ ಹೊರಗೇ ಉಳಿದುವು. ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೂ ಪರಿಸರದ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದುದು 2012ರಲ್ಲಿ.

ಹಾಗಾದರೆ ಒಂದು ಸಾಧಾರಣ ಗೊಚ್ಚುಗುಣಿಯ ಯೋಜನೆ ಹೇಗಿರಬೇಕು? ಮೊದಲು ನೆಲದ ಏರಿಳಿತಗಳನ್ನೂ ಮಳೆಯ ನೀರು ಹರಿಯುವ ದಾರಿಗಳನ್ನೂ ನಕ್ಷೆಯಲ್ಲಿ ಗುರುತಿಸಬೇಕು. ಅದೇ ನಕ್ಷೆಯ ಮೇಲೆ, ಅಗೆತ ಮುಗಿದಾಗ ನೆಲಕ್ಕಿರಬೇಕಾದ ಇಳಿಜಾರನ್ನೂ ಎಳೆದಿಡಬೇಕು. ಮೇಲ್ಮಣ್ಣನ್ನು ಪ್ರತ್ಯೇಕವಾಗಿ ತೆಗೆದು, ತಗ್ಗಾದ ರಾಶಿಗಳಲ್ಲಿ ಕಾಪಾಡಬೇಕು. ಎತ್ತರದ ರಾಶಿಯ ಒಳಗೆ ಗಾಳಿಯಾಡದೆ ಮಣ್ಣಿನ ಜೀವಾಣುಗಳೂ ಬೀಜಗಳೂ ಕೆಡುತ್ತವೆ. ಗುಡ್ಡವನ್ನು ನೆಟ್ಟಗೆ ಕಡಿಯದೆ ಮೆಟ್ಟಿಲುಮೆಟ್ಟಿಲಾಗಿ ಇಳಿಯಬೇಕು. ಮೃಗಶಿರಾ ಮಳೆ ಹಿಡಿಯುವುದಕ್ಕೆ ಮೊದಲೇ ಮೇಲಿನ ನೀರನ್ನು ಬದಿಗೆ ತಿರುಗಿಸುವ ಕಾಲುವೆಯೂ, ಕೆಳಗೆ ಹೂಳು ನಿಲ್ಲುವ ಹೊಂಡವೂ ಸಿದ್ಧವಿರಬೇಕು. ಒಂದು ಭಾಗ ಮುಗಿದೊಡನೆ ಅಲ್ಲಿ ಮೇಲ್ಮಣ್ಣನ್ನು ಹರಡಿ, ಬಳಿಕವೇ ಮುಂದಿನ ಭಾಗವನ್ನು ತೆರೆಯಬೇಕು. ಈ ತತ್ತ್ವ ನಮ್ಮ ಬೆಳೆಗಾರರಿಗೆ ಅಪರಿಚಿತವಲ್ಲ. ಕಾಫಿ ಗಿಡಗಳ ಸಾಲಿನ ನಡುವೆ ಅವರು ತೋಡುವ ತೊಟ್ಟಿಲು ಗುಂಡಿಗಳ ಉದ್ದೇಶವೂ ಹರಿಯುವ ನೀರನ್ನು ತಡೆದು ಮಣ್ಣನ್ನುಳಿಸುವುದೇ ಆಗಿದೆ.

ಪುನರುದ್ಧಾರವೆಂದರೆ ಬೇಗ ಬೆಳೆಯುವ ಅಕೇಶಿಯಾ ನೆಟ್ಟು ಹಸುರು ತೋರಿಸುವುದೆಂಬ ಭಾವನೆಯೊಂದು ಪ್ರಚಾರದಲ್ಲಿದೆ. ಈ ಮಲೆಗಳ ನೆತ್ತಿಯಲ್ಲಿ ಸಹಜವಾಗಿ ಬೆಳೆಯುವುದು ಹುಲ್ಲು. ಕಣಿವೆಗಳಲ್ಲಿ ಮಾತ್ರ ಶೋಲಾ ಕಾಡು. ಹುಲ್ಲುಗಾವಲಿದ್ದಲ್ಲಿ ತೋಪನ್ನೆಬ್ಬಿಸಿದರೆ ಹಸುರು ಬಂದೀತು, ಮೊದಲಿದ್ದ ಭೂಮಿ ಬಾರದು. ಆದುದರಿಂದ ಅಗೆಯುವ ಮುನ್ನ ಅಲ್ಲಿ ಯಾವ ಹುಲ್ಲು, ಯಾವ ಮರ, ಯಾವ ಒರತೆ ಇದ್ದುವೆಂಬ ದಾಖಲೆ ಅತ್ಯಾವಶ್ಯಕ. ದಾಖಲೆಯಿಲ್ಲದಿದ್ದರೆ ಯಾವುದನ್ನು ಹಿಂದಕ್ಕೆ ತರಬೇಕೆಂಬುದೇ ತಿಳಿಯದು.

ಇಲ್ಲಿಯೇ ಇತಿಹಾಸದ ವಿದ್ಯಾರ್ಥಿಗೆ ಒಂದು ಕೆಲಸವುಂಟು. ಊರಿನ ಹಳೆಯ ಕಂದಾಯ ನಕ್ಷೆಗಳು, ಗುತ್ತಿಗೆಯ ಕಾಗದಪತ್ರಗಳು, ಗದ್ದೆಗೆ ನೀರು ಬರುತ್ತಿದ್ದ ದಾರಿಯನ್ನು ಬಲ್ಲ ಹಿರಿಯರ ಮಾತು ಇವನ್ನೆಲ್ಲ ಒಂದೆಡೆ ಸೇರಿಸಿದರೆ ಪಾಳುಬಿದ್ದ ಗುಣಿಯೊಂದರ ಪೂರ್ವರೂಪವನ್ನು ಕಟ್ಟಿಕೊಡಬಹುದು. ಗುಣಿಯ ಕೆಳಗಿನ ಗದ್ದೆಗೆ ಹೂಳು ನುಗ್ಗದಂತೆ ತಡೆಯಬೇಕಾದ ಎಂಜಿನಿಯರಿಗೆ ಆ ಲೇಖ್ಯವು ಅವನ ಅಳತೆಯ ಉಪಕರಣದಷ್ಟೇ ಪ್ರಯೋಜನಕಾರಿ. ಕಾಲೇಜುಗಳಲ್ಲಿ ಒಂದೊಂದು ತರಗತಿಯು ಒಂದೊಂದು ಗುಣಿಯನ್ನು ಆರಿಸಿಕೊಂಡು ಈ ಕಾರ್ಯಕ್ಕೆ ತೊಡಗುವುದು ಉಚಿತವಾದೀತು.